ಹುಡ್‌ವಿಂಕ್: ಮೋಸಕ್ಕೂ ಮುಸುಕಿಗೂ ಏನು ಸಂಬಂಧ?

[ತೆರೆಯ ಮೇಲೆ: ಹುಡ್‌ವಿಂಕ್]

ನಮಸ್ಕಾರ. ಇಂಗ್ಲಿಷ್ ಪೇಪರ್ ಓದುವವರಿಗೆ ಈ ಪದ ಆಗಾಗ ಸಿಗುತ್ತದೆ. ಸರ್ಕಾರ ಜನರನ್ನು ಹುಡ್‌ವಿಂಕ್ ಮಾಡುತ್ತಿದೆ ಎಂದು ವಿರೋಧ ಪಕ್ಷದವರು ಹೇಳುತ್ತಾರೆ. ಡಿಕ್ಷನರಿ ತೆಗೆದರೆ ‘ಮೋಸ ಮಾಡು’ ಅಂತಿರುತ್ತದೆ. ಸರಿಯೇ. ಆದರೆ ಚೀಟ್ ಅಂದರೂ ಮೋಸ, ಡಿಸೀವ್ ಅಂದರೂ ಮೋಸ. ಹಾಗಾದರೆ ಇದನ್ನು ಎಲ್ಲಿ ಬಳಸೋದು?

ಪದವನ್ನು ಎರಡು ತುಂಡು ಮಾಡಿ ನೋಡೋಣ. ಹುಡ್ ಅಂದರೆ ತಲೆಯ ಮೇಲಿನ ಮುಸುಕು. ಚಳಿಗೆ ಹಾಕುವ ಹೂಡಿಗೆ ಹೆಸರು ಬಂದಿದ್ದೂ ಇದರಿಂದಲೇ. ವಿಂಕ್ ಅಂದ ಕೂಡಲೇ ಕಣ್ಣು ಹೊಡೆಯೋದು ನೆನಪಾಗುತ್ತದೆ, ಅಲ್ವಾ? ಅಲ್ಲೇ ನಾವು ಎಡವೋದು. ಹಿಂದೆ ವಿಂಕ್ ಅಂದರೆ ಕಣ್ಣು ಮುಚ್ಚುವುದು. ಸಣ್ಣ ನಿದ್ದೆಗೆ ‘ಫಾರ್ಟಿ ವಿಂಕ್ಸ್’ ಅನ್ನುತ್ತಾರಲ್ಲ, ಅದರಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ. 16ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಡ್‌ವಿಂಕ್ ಮಾಡುವುದು ಅಂದರೆ ನಿಜವಾಗಿಯೂ ಕಣ್ಣಿಗೆ ಬಟ್ಟೆ ಕಟ್ಟುವುದು.

[ತೆರೆಯ ಮೇಲೆ: ಕಣ್ಣಿಗೆ ಬಟ್ಟೆ ಕಟ್ಟಿದ ಸೈನಿಕ]

ಶೇಕ್ಸ್‌ಪಿಯರ್‌ನ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ ನಾಟಕದಲ್ಲಿ ಪರೋಲಿಸ್ ಎಂಬ ಬಡಾಯಿಕೋರನಿದ್ದಾನೆ. ಅವನ ಬಣ್ಣ ಬಯಲು ಮಾಡಬೇಕು ಅಂತ ಜೊತೆಗಾರರೇ ಅವನನ್ನು ಹಿಡಿದು ಕಣ್ಣು ಕಟ್ಟುತ್ತಾರೆ. ಯಾವುದೋ ಭಾಷೆಯಂತೆ ಬಾಯಿಗೆ ಬಂದದ್ದನ್ನು ಒದರುತ್ತಾರೆ. ಒಬ್ಬ ದುಭಾಷಿಯ ವೇಷ ಹಾಕುತ್ತಾನೆ. ಶತ್ರುಗಳ ಕೈಗೆ ಸಿಕ್ಕೆ ಎಂದುಕೊಂಡ ಪರೋಲಿಸ್ ಸೈನ್ಯದ ಗುಟ್ಟೆಲ್ಲ ಕಕ್ಕುತ್ತಾನೆ. ಎದುರಿಗೇ ನಿಂತವರನ್ನು ಬೈಯುತ್ತಾನೆ. ಕೊನೆಗೆ ಕಣ್ಣಿನ ಬಟ್ಟೆ ಬಿಚ್ಚುತ್ತಾರೆ! ಈ ಸಂಚು ಹೂಡುವಾಗ ನಾಟಕದಲ್ಲಿ ಬರುವ ಪದವೇ ಹುಡ್‌ವಿಂಕ್. ‘ಮ್ಯಾಕ್‌ಬೆತ್’ನಲ್ಲೂ ಈ ಪದ ಇದೆ. ಅಲ್ಲಿ ಬಟ್ಟೆ ಇಲ್ಲ, ಲೋಕಕ್ಕೆ ಗೊತ್ತಾಗದಂತೆ ನಡೆದುಕೊಳ್ಳುವ ಮಾತಷ್ಟೇ.

ನಮಗೆ ಇದು ಹೊಸದೇನಲ್ಲ. ಕನ್ನಡದ ‘ಕಣ್ಕಟ್ಟು’ ಹುಟ್ಟಿದ್ದೂ ಹೀಗೇ. ಈ ಎರಡು ಪದ ಎಷ್ಟೋ ದೂರದ ಭಾಷೆಗಳಲ್ಲಿ ಒಂದೇ ದಾರಿ ಹಿಡಿದಿದ್ದು ನೋಡಿದರೆ ನನಗೆ ತುಂಬಾ ಖುಷಿಯಾಗುತ್ತದೆ. ಆದರೆ ಕಣ್ಕಟ್ಟು ಅಂದರೆ ಈಗ ಜಾದೂ ನೆನಪಾಗುತ್ತದೆ. ಹಾಗಾಗಿ ಅನುವಾದ ಮಾಡುವಾಗ ‘ಕಣ್ಣಿಗೆ ಮಣ್ಣೆರಚು’ ಅನ್ನೋದೇ ಚೆನ್ನ. ‘ಟೋಪಿ ಹಾಕು’ ಅಂದರೂ ಹತ್ತಿರವೇ, ಆದರೆ ಅದರಲ್ಲಿ ದುಡ್ಡಿನ ವಾಸನೆ ಜಾಸ್ತಿ. ‘ಮಂಕುಬೂದಿ ಎರಚು’ ಅಂದರೆ ಬುದ್ಧಿಯೇ ಮಂಕಾಗುತ್ತದೆ. ಹುಡ್‌ವಿಂಕ್ ಆದವನ ಬುದ್ಧಿ ಚೆನ್ನಾಗಿಯೇ ಇರುತ್ತದೆ, ನಿಜ ಕಾಣದ ಹಾಗೆ ಯಾರೋ ಅಡ್ಡ ನಿಂತಿರುತ್ತಾರೆ ಅಷ್ಟೇ. ಅದಕ್ಕೇ ಮೋಸ ಹೋದವರನ್ನು ಸುಮ್ನೆ ದಡ್ಡರು ಅನ್ನಬಾರದು.

[ತೆರೆಯ ಮೇಲೆ: ಹುಡ್‌ವಿಂಕ್ ಸಮ್‌ಒನ್ ಇಂಟು ಡೂಯಿಂಗ್ ಸಮ್‌ಥಿಂಗ್]

ಬಳಕೆಗೆ ಬರೋಣ. ಮರುಳು ಮಾಡಿ ಒಂದು ಕೆಲಸ ಮಾಡಿಸಿದರೆ ‘ಇಂಟು’ ಸೇರಿಸಿ. ‘ದೇ ಹುಡ್‌ವಿಂಕ್ಡ್ ಹಿಮ್ ಇಂಟು ಸೈನಿಂಗ್ ದಿ ಪೇಪರ್ಸ್.’ ಅಂದರೆ, ಕಣ್ಣಿಗೆ ಮಣ್ಣೆರಚಿ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ‘ಐ ವಾಸ್ ಹುಡ್‌ವಿಂಕ್ಡ್’ ಅಂದರೆ ನಾನು ಮೋಸ ಹೋದೆ.

ಪರೀಕ್ಷೆಯಲ್ಲಿ ಕಾಪಿ ಹೊಡೆದರೆ ಅದು ಚೀಟಿಂಗ್. ಅದೇ ಹುಡುಗ ಮೇಷ್ಟ್ರಿಗೆ ಕಥೆ ಕಟ್ಟಿ ನಂಬಿಸಿದರೆ, ಆಗ ಹುಡ್‌ವಿಂಕ್.