ತೃಪ್ತಿ ಕಲಿತು ಬರುವಂಥದ್ದು

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ಅಡುಗೆ ಮಾಡುತ್ತಲೇ ರೇಡಿಯೊ ಹಚ್ಚಿಕೊಂಡಿರುವ ತಾಯಂದಿರನ್ನು, ಆಸ್ಪತ್ರೆಯಲ್ಲಿ ತಮ್ಮವರ ಹಾಸಿಗೆಯ ಪಕ್ಕದಲ್ಲಿ ಕುಳಿತಿರುವವರನ್ನು, ಈ ತಿಂಗಳ ಸಾಲದ ಕಂತಿಗೆ ಏನು ಮಾಡುವುದೆಂದು ಲೆಕ್ಕ ಹಾಕುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ನಾನು ಹೇಳಬೇಕಾಗಿರುವುದು ಒಂದೇ ಮಾತು: ತೃಪ್ತಿಯು ಹುಟ್ಟುಗುಣವಲ್ಲ, ಅದು ಕಲಿತು ಬರುವಂಥದ್ದು.

ಈ ಮಾತು ನನ್ನದಲ್ಲ, ಯೇಸುವಿನ ಸುವಾರ್ತೆ ಸಾರಲು ಕಳುಹಿಸಲ್ಪಟ್ಟ ಅಪೊಸ್ತಲನಾದ ಪೌಲನದು. ಫಿಲಿಪ್ಪಿ ಪಟ್ಟಣದ ಕ್ರೈಸ್ತ ಸಭೆಗೆ ಬರೆದ, ಬೈಬಲಿನಲ್ಲಿರುವ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಅವನು, ಯಾವ ಸ್ಥಿತಿಯಲ್ಲಿದ್ದರೂ ಸಂತುಷ್ಟನಾಗಿರುವುದನ್ನು ತಾನು ಕಲಿತುಕೊಂಡಿರುವುದಾಗಿ ಹೇಳುತ್ತಾನೆ. ‘ಕಲಿತುಕೊಂಡಿದ್ದೇನೆ’ ಎಂಬ ಆ ಪದದ ಮೇಲೆ ದಯವಿಟ್ಟು ಬೆರಳಿಟ್ಟು ಓದಿರಿ. ಇದನ್ನು ಬರೆದಾಗ ಅವನು ಬೇಡಿ ಬಿದ್ದ ಸೆರೆಯಾಳು. ಸೆರೆಯಾಳುಗಳ ಊಟ-ಬಟ್ಟೆಯ ಭಾರವು ಬಹುಮಟ್ಟಿಗೆ ಅವರ ಬಂಧುಮಿತ್ರರ ಮೇಲೆಯೇ ಬೀಳುತ್ತಿದ್ದ ಕಾಲವದು.

ಪೌಲನು ಈ ಪಾಠ ಕಲಿತ ಜಾಗಗಳಲ್ಲಿ ಫಿಲಿಪ್ಪಿಯೂ ಒಂದು. ಇಂದಿನ ಗ್ರೀಸ್ ದೇಶದ ಉತ್ತರ ಭಾಗದಲ್ಲಿದ್ದ ಆ ಪಟ್ಟಣಕ್ಕೆ ಪೌಲನೂ ಅವನ ಜೊತೆಗಾರನಾದ ಸೀಲನೂ ಕ್ರಿ.ಶ. 50ರ ಸುಮಾರಿಗೆ ಬಂದರು. ಕಣಿ ಹೇಳಿ ಒಡೆಯರಿಗೆ ಹಣ ಗಳಿಸಿಕೊಡುತ್ತಿದ್ದ ದಾಸಿಯೊಬ್ಬಳನ್ನು ಪೌಲನು ಯೇಸುವಿನ ಹೆಸರಿನಲ್ಲಿ ಕಣಿ ಹೇಳಿಸುತ್ತಿದ್ದ ದೆವ್ವದಿಂದ ಬಿಡಿಸಿದಾಗ, ಗಳಿಕೆ ನಿಂತುಹೋದ ಒಡೆಯರು ಇಬ್ಬರನ್ನೂ ಪೇಟೆಯ ನಡುವೆ ಅಧಿಕಾರಿಗಳ ಮುಂದೆ ಎಳೆದೊಯ್ದರು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಅಧಿಕಾರಿಗಳು ಅವರ ಬಟ್ಟೆ ಹರಿದು ಕೋಲುಗಳಿಂದ ಹೊಡೆಸಿ, ಸೆರೆಮನೆಯ ಒಳಕೋಣೆಗೆ ತಳ್ಳಿಸಿ, ಕಾಲುಗಳಿಗೆ ಕೋಳ ಹಾಕಿಸಿದರು. ಕೋಳದಲ್ಲಿ ಕಾಲು ಸಿಕ್ಕಿಕೊಂಡವನು ಮಗ್ಗುಲು ಬದಲಿಸಲಾರ. ಬೆನ್ನಿನ ಗಾಯವನ್ನು ಯಾರೂ ತೊಳೆದಿರಲಿಲ್ಲ. ಅಂಥ ನಡುರಾತ್ರಿಯಲ್ಲಿ ಅವರಿಬ್ಬರೂ ಪ್ರಾರ್ಥಿಸುತ್ತಾ ದೇವರಿಗೆ ಸ್ತುತಿಪದಗಳನ್ನು ಹಾಡುತ್ತಿದ್ದರು, ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು.

ಮುಂದೆ ಭೂಕಂಪವಾಯಿತು, ಬಾಗಿಲುಗಳು ತೆರೆದವು. ಅನೇಕರು ಈ ಭೂಕಂಪವನ್ನೇ ದೊಡ್ಡದು ಮಾಡಿ ಕಥೆ ಹೇಳುವುದು ನನಗೆ ಸರಿಕಾಣದು. ಹಾಡು ಮೊದಲು, ಭೂಕಂಪ ಆಮೇಲೆ. ಬಿಡುಗಡೆಯ ಸುಳಿವೇ ಇಲ್ಲದಾಗ ಅವರು ಹಾಡಿದರು. ಬಾಗಿಲು ತೆರೆದ ಮೇಲೆ ಓಡಿಹೋಗಲಿಲ್ಲ. ಕೈದಿಗಳೆಲ್ಲ ತಪ್ಪಿಸಿಕೊಂಡರೆಂದು ಕತ್ತಿ ಹಿರಿದು ತನ್ನ ಪ್ರಾಣವನ್ನೇ ತೆಗೆದುಕೊಳ್ಳಲು ಹೊರಟ ಸೆರೆಮನೆಯ ಯಜಮಾನನಿಗೆ ಪೌಲನು, ‘ಕೇಡು ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲೇ ಇದ್ದೇವೆ’ ಎಂದು ಕೂಗಿ ಹೇಳಿದನು. ಅದೇ ರಾತ್ರಿ ಆ ಯಜಮಾನನು ತನ್ನ ಕೈಯಾರೆ ಅವರ ಗಾಯಗಳನ್ನು ತೊಳೆದು, ಮನೆಯವರೆಲ್ಲರ ಸಂಗಡ ಯೇಸುವನ್ನು ನಂಬಿ ದೀಕ್ಷಾಸ್ನಾನ ಪಡೆದು, ಅವರಿಗೆ ಊಟ ಬಡಿಸಿದನು. ವರ್ಷಗಳು ಕಳೆದು ಪೌಲನ ಪತ್ರವನ್ನು ಅಲ್ಲಿನ ಸಭೆಯಲ್ಲಿ ಓದಿದಾಗ ಅವನೂ ಕುಳಿತು ಕೇಳಿರಬಹುದೆಂದು ನಾನು ಎಣಿಸುತ್ತೇನೆ. ‘ಕಲಿತುಕೊಂಡಿದ್ದೇನೆ’ ಎಂಬ ಮಾತು ಬೂಟಾಟಿಕೆಯಲ್ಲವೆಂದು ಅವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಪೌಲನು ತೃಪ್ತಿಗೆ ಬಳಸಿದ ಗ್ರೀಕ್ ಪದವು ಪ್ರಾಚೀನ ಗ್ರೀಸಿನ ಸ್ತೋಯಿಕ ಪಂಥದ ತತ್ವಜ್ಞಾನಿಗಳಿಗೂ ಪ್ರಿಯವಾದದ್ದು. ಅವರಿಗೆ ಅದು ತನಗೆ ತಾನೇ ಸಾಕೆನ್ನುವ ಸ್ಥಿತಿ. ಪೌಲನಿಗೆ ಮಾತ್ರ ತನ್ನನ್ನು ಬಲಪಡಿಸುವ ಕ್ರಿಸ್ತನು ಸಾಕು. ‘ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ’ ಎಂಬ ವಾಕ್ಯವನ್ನು ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಲೆಂದು, ವ್ಯಾಪಾರ ಕುದುರಲೆಂದು ಗೋಡೆಗೆ ಅಂಟಿಸಿಕೊಳ್ಳುವವರು ಅದರ ಹಿಂದಿನ ವಾಕ್ಯವನ್ನೂ ಓದಬೇಕು. ಅಲ್ಲಿರುವುದು ಹಸಿವು ಮತ್ತು ಕೊರತೆ, ಹಾಗೆಯೇ ಹೊಟ್ಟೆ ತುಂಬಿದ ದಿನಗಳು. ಸಮೃದ್ಧಿಯಲ್ಲಿ ತೃಪ್ತನಾಗಿರುವುದನ್ನೂ ಕಲಿಯಬೇಕಾಗುತ್ತದೆ.

ತೃಪ್ತಿಯೆಂದರೆ ಅನ್ಯಾಯಕ್ಕೆ ತಲೆಬಾಗುವುದೂ ಅಲ್ಲ. ಆ ಭೂಕಂಪದ ಮರುದಿನ ಅವರನ್ನು ಗುಟ್ಟಾಗಿ ಹೊರಗೆ ಕಳುಹಿಸಲು ನೋಡಿದ ಅಧಿಕಾರಿಗಳಿಗೆ ಪೌಲನು, ವಿಚಾರಣೆಯಿಲ್ಲದೆ ಹೊಡೆಯಬಾರದ ರೋಮ್ ಪೌರರಾದ ನಮ್ಮನ್ನು ಎಲ್ಲರ ಮುಂದೆ ಹೊಡೆಸಿದ್ದೀರಿ, ಈಗ ನೀವೇ ಬಂದು ಕರೆದೊಯ್ಯಿರಿ ಎಂದನು, ಅವರು ಬರಲೇಬೇಕಾಯಿತು.

ನಮ್ಮ ಸಭೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರು ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಸೂಜಿ ಚುಚ್ಚಿದ ಎಡಗೈಯನ್ನು ನಾಲ್ಕು ಗಂಟೆ ಅಲುಗಿಸುವಂತಿಲ್ಲ, ನೀರನ್ನೂ ಅಳೆದೇ ಕುಡಿಯಬೇಕು. ಹಾಸಿಗೆಯ ಪಕ್ಕದಲ್ಲಿ ಅಂಗೈಯಗಲದ ಸ್ಟೀಲ್ ಲೋಟ ಇರುತ್ತದೆ. ‘ಮೊದಲ ವರ್ಷ ಈ ಲೋಟ ಕಂಡರೆ ಅಳು ಬರುತ್ತಿತ್ತು ಅಯ್ಯನವರೇ, ದೇವರ ಸಂಗಡ ಬರೀ ಜಗಳ’ ಎಂದರು. ಆಮೇಲೆ ಬಲಗೈಯಿಂದ ಲೋಟವನ್ನೆತ್ತಿ, ಊಟಕ್ಕೆ ಮುಂಚೆ ಮಾಡುವ ಹಾಗೆ ಕಣ್ಣು ಮುಚ್ಚಿ ಸ್ತೋತ್ರ ಹೇಳಿ, ಎರಡು ಗುಟುಕು ಕುಡಿದು, ಉಳಿದದ್ದನ್ನು ಸಂಜೆಗೆಂದು ಮುಚ್ಚಿಟ್ಟರು.

ನಮಸ್ಕಾರ.