ಬ್ಯಾಟ್ ಹಿಡಿಯದೆ ಎರಡು ಶಾಪ ಕಳೆದ ಥಿಯೋ ಎಪ್‌ಸ್ಟೀನ್

[ದೃಶ್ಯ: ರಾತ್ರಿ. ಸ್ಟೇಡಿಯಂ ಗೇಟು. ಗೊರಿಲ್ಲಾ ವೇಷದ ಕಾರ್ಟೂನ್ ಓಡಿ ಹೋಗುತ್ತದೆ.]

2005ರ ಅಕ್ಟೋಬರ್ 31. ಅಮೆರಿಕದಲ್ಲಿ ಹ್ಯಾಲೋವೀನ್ ಹಬ್ಬ. ಬಾಸ್ಟನ್ ನಗರದ ಫೆನ್‌ವೇ ಪಾರ್ಕ್ ಸ್ಟೇಡಿಯಂ ಹೊರಗೆ ಪತ್ರಕರ್ತರು ಕಾದು ನಿಂತಿದ್ದಾರೆ. ಒಳಗಿಂದ ಒಂದು ಗೊರಿಲ್ಲಾ ಹೊರಟಿತು. ಹಬ್ಬ ಅಲ್ವಾ, ಯಾರೋ ವೇಷ ಹಾಕಿದ್ದಾರೆ ಬಿಡಿ.

ಆ ಗೊರಿಲ್ಲಾ ಒಳಗಿದ್ದವರು ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಜನರಲ್ ಮ್ಯಾನೇಜರ್. ವಯಸ್ಸು 31. ಊರಿನ ದೊಡ್ಡ ಹೀರೋ. ಆಗಷ್ಟೇ ರಾಜೀನಾಮೆ ಕೊಟ್ಟಿದ್ದರು.

ನಮಸ್ಕಾರ. ಹೋದ ತಿಂಗಳು ಒಬ್ಬರು ಕೇಳಿದ್ದರು: "ಸಾರ್, ಬೇಸ್‌ಬಾಲ್‌ನಲ್ಲಿ ಆಫೀಸಲ್ಲಿ ಕೂತವರಿಗೆ ಯಾಕೆ ಅಷ್ಟು ಹೆಸರು? ಅವರು ಒಂದು ರನ್ನೂ ಹೊಡೆಯಲ್ಲ." ಪ್ರಶ್ನೆ ತಲೆಯಲ್ಲೇ ಕೂತಿತ್ತು. ಅದಕ್ಕೇ ಇವತ್ತು ಥಿಯೋ ಎಪ್‌ಸ್ಟೀನ್. ಹೆಸರು ಕೇಳಿ ಗಾಬರಿ ಬೇಡ, ಇವರು ಆ ಜೆಫ್ರಿ ಎಪ್‌ಸ್ಟೀನ್ ಅಲ್ಲ, ಬೇರೆ.

ಮೊದಲು ಪಾಠ, ಬೇಗ ಮುಗಿಸೋಣ. ಬೇಸ್‌ಬಾಲ್‌ನಲ್ಲಿ 'ಮ್ಯಾನೇಜರ್' ಅಂದರೆ ನಮ್ಮ ಕೋಚ್ ಥರ, ಮೈದಾನದ ಪಕ್ಕದಲ್ಲಿರುವವರು. 'ಜನರಲ್ ಮ್ಯಾನೇಜರ್' ಆಫೀಸಿನವರು. ಯಾರನ್ನು ತರಬೇಕು, ಯಾರನ್ನು ಬಿಟ್ಟುಕೊಡಬೇಕು, ಯಾರಿಗೆ ಎಷ್ಟು ದುಡ್ಡು, ಎಲ್ಲಾ ಇವರ ತಲೆನೋವು. ಐಪಿಎಲ್ ಹರಾಜಿನ ಮೇಜು ನೋಡಿದ್ದೀರಲ್ಲ? ಅದು ವರ್ಷವಿಡೀ ನಡೆದರೆ ಹೇಗಿರುತ್ತೋ ಹಾಗೆ. ಒಂದು ಸೀಸನ್‌ಗೆ 162 ಪಂದ್ಯ ಬೇರೆ.

ಥಿಯೋ ಬೆಳೆದದ್ದು ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ. ತಾತ ಹಾಲಿವುಡ್‌ನಲ್ಲಿ ಚಿತ್ರಕಥೆ ಬರೆದು ಆಸ್ಕರ್ ಗೆದ್ದವರು. ಯೇಲ್‌ನಲ್ಲಿ ಓದು, ಬಾಲ್ಟಿಮೋರ್ ಓರಿಯೋಲ್ಸ್‌ನಲ್ಲಿ ಇಂಟರ್ನ್, ಆಮೇಲೆ ಸ್ಯಾನ್ ಡಿಯಾಗೋ ಪಾಡ್ರೆಸ್‌ನಲ್ಲಿ ಕೆಲಸ. ಅಲ್ಲಿ ಕೆಲಸ ಮಾಡುತ್ತಲೇ ಲಾ ಡಿಗ್ರಿಯನ್ನೂ ಮುಗಿಸಿದರು. ವೃತ್ತಿಪರ ಆಟ ಒಂದು ದಿನವೂ ಆಡಿದವರಲ್ಲ.

2002ರ ನವೆಂಬರ್‌ನಲ್ಲಿ ರೆಡ್ ಸಾಕ್ಸ್ ಮೊದಲು ಕರೆದಿದ್ದು ಓಕ್ಲೆಂಡ್ ತಂಡದ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಅವರನ್ನು. ಬೀನ್ ಹೂಂ ಅಂದರು, ಆಮೇಲೆ ಮನಸ್ಸು ಬದಲಾಯಿಸಿದರು. ಕುರ್ಚಿ ಸಿಕ್ಕಿದ್ದು 28 ವರ್ಷದ ಥಿಯೋಗೆ. ಮೇಜರ್ ಲೀಗ್, ಅಂದರೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗಿನ ಇತಿಹಾಸದಲ್ಲಿ ಅಲ್ಲಿವರೆಗಿನ ಅತಿ ಕಿರಿಯ ಜನರಲ್ ಮ್ಯಾನೇಜರ್.

ಆದರೆ ಆ ಕುರ್ಚಿ ಎಂಥದ್ದು? ರೆಡ್ ಸಾಕ್ಸ್ ಕೊನೆಯ ಸಲ ವರ್ಲ್ಡ್ ಸೀರೀಸ್, ಅಂದರೆ ಫೈನಲ್ ಸರಣಿ, ಗೆದ್ದಿದ್ದು 1918ರಲ್ಲಿ. ಆಮೇಲೆ ಬೇಬ್ ರೂತ್ ಎಂಬ ಮಹಾ ಆಟಗಾರನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿಬಿಟ್ಟರು. ಅಲ್ಲಿಂದ ಕಪ್ಪೇ ಇಲ್ಲ. ಜನ ಅದನ್ನು ಶಾಪ ಅಂದರು. ನಾವು 18 ವರ್ಷ "ಈ ಸಲ ಕಪ್ ನಮ್ದೇ" ಅಂದುಕೊಂಡು ಕೂತವರು. ಅವರು 86 ವರ್ಷ ಕೂತಿದ್ದರು. ನಾವು ಬಾಯಿ ಮುಚ್ಚಿಕೊಳ್ಳುವುದೇ ಒಳ್ಳೆಯದು.

[ದೃಶ್ಯ: ಕ್ಯಾಲೆಂಡರ್, ಜುಲೈ 31, 2004.]

ಈಗ ನನ್ನ ಫೇವರಿಟ್ ಭಾಗ. ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ಇರ್ತೀನಿ, ಬೈಕೋಬೇಡಿ.

ಆಟಗಾರರನ್ನು ಅದಲು ಬದಲು ಮಾಡಲು ಅದು ಕೊನೆಯ ದಿನ. ಥಿಯೋ ಅವತ್ತು ಬಾಸ್ಟನ್‌ನ ಕಣ್ಮಣಿ ನೋಮಾರ್ ಗಾರ್ಸಿಯಾಪಾರಾ ಅವರನ್ನೇ ಶಿಕಾಗೋ ಕಬ್ಸ್‌ಗೆ ಕಳಿಸಿಬಿಟ್ಟರು. ಊರಿಗೆ ಊರೇ ಅದನ್ನೇ ಮಾತಾಡಿತು. ಆ ಗಲಾಟೆಯಲ್ಲಿ ಇನ್ನೊಂದು ಪುಟ್ಟ ವ್ಯವಹಾರ ನಡೆದದ್ದು ಎಷ್ಟೋ ಜನರ ಕಣ್ಣಿಗೇ ಬೀಳಲಿಲ್ಲ. ಡೇವ್ ರಾಬರ್ಟ್ಸ್ ಅಂತ ಒಬ್ಬರು ಲಾಸ್ ಏಂಜಲೀಸ್‌ನಿಂದ ಬಂದರು. ಬದಲಿಗೆ ಕೊಟ್ಟಿದ್ದು ಕೆಳಗಿನ ಲೀಗಿನ ಒಬ್ಬ ಹುಡುಗನನ್ನು. ರಾಬರ್ಟ್ಸ್ ಬ್ಯಾಟಿಂಗ್ ಸುಮಾರು. ಆದರೆ ಓಟ? ಮೈದಾನದಲ್ಲಿ ನಾಲ್ಕು ಮೂಲೆಗೆ ನಾಲ್ಕು ಬೇಸ್, ಎಲ್ಲಾ ಸುತ್ತಿ ಬಂದರೆ ಒಂದು ರನ್. ಪಿಚರ್ ಚೆಂಡು ಎಸೆಯುವ ಗ್ಯಾಪ್‌ನಲ್ಲಿ ಒಂದು ಬೇಸ್‌ನಿಂದ ಮುಂದಿನದಕ್ಕೆ ಓಡಿಬಿಡುವುದಕ್ಕೆ ಅಲ್ಲಿ 'ಕದಿಯುವುದು' ಅಂತಾರೆ. ಬಾಸ್ಟನ್‌ಗೆ ಬರುವ ಮೊದಲೇ ಆ ವರ್ಷ ಇವರು 30ಕ್ಕೂ ಜಾಸ್ತಿ ಕದ್ದಿದ್ದರು.

ಅಕ್ಟೋಬರ್ ಬಂತು. ಎದುರಿಗೆ ಅದೇ ಯಾಂಕೀಸ್. ಪ್ಲೇಆಫ್, ಸೆಮಿಫೈನಲ್ ಥರದ ಏಳು ಪಂದ್ಯದ ಸರಣಿ. ಮೂರು ಸೋತಾಗಿದೆ, ಇನ್ನೊಂದು ಸೋತರೆ ಮನೆಗೆ. ಮೂರನೆಯದರಲ್ಲಂತೂ 19-8, ಮಾನ ಹೋಗಿದೆ. ನಾಲ್ಕನೇ ಪಂದ್ಯ, ಕೊನೆಯ ಒಂಬತ್ತನೇ ಇನ್ನಿಂಗ್ಸ್, ಒಂದು ರನ್ ಹಿಂದೆ. ಚೆಂಡು ಯಾಂಕೀಸ್ ಪಿಚರ್ ಮರಿಯಾನೋ ರಿವೇರಾ ಕೈಯಲ್ಲಿ. ಪಂದ್ಯ ಮುಗಿಸಿಕೊಡುವುದರಲ್ಲಿ ಅವರಿಗಿಂತ ದೊಡ್ಡವರು ಹುಟ್ಟಿಲ್ಲ. ಬಾಸ್ಟನ್‌ನ ಕೆವಿನ್ ಮಿಲಾರ್ ಹೇಗೋ 'ವಾಕ್' ಪಡೆದು, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಫ್ರೀ ದಾರಿಯಲ್ಲಿ, ಮೊದಲ ಬೇಸ್‌ಗೆ ಬಂದರು. ಮ್ಯಾನೇಜರ್ ಟೆರ್ರಿ ಫ್ರಾಂಕೋನ ಮಿಲಾರ್‌ರನ್ನು ಒಳಗೆ ಕರೆದು ರಾಬರ್ಟ್ಸ್‌ರನ್ನು ಓಡಲು ಕಳಿಸಿದರು. ಏನೂ ಹೇಳಲಿಲ್ಲ, ಸುಮ್ನೆ ಕಣ್ಣು ಮಿಟುಕಿಸಿದರಂತೆ.

ಇವರು ಕದಿಯೋಕೇ ಬಂದಿದ್ದಾರೆ ಅಂತ ಇಡೀ ಸ್ಟೇಡಿಯಂಗೆ ಗೊತ್ತು. ರಿವೇರಾಗೂ ಗೊತ್ತು. ಅವರು ಬ್ಯಾಟರ್‌ಗೆ ಎಸೆಯುವ ಮೊದಲೇ ಮೊದಲ ಬೇಸ್ ಕಡೆ ಚೆಂಡು ಎಸೆದು ಹೆದರಿಸಿದರು. ಒಂದು ಸಲ. ಎರಡು ಸಲ. ಮೂರು ಸಲ. ಈ 'ಮೂರು' ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ. ಆಮೇಲೆ ಬ್ಯಾಟರ್‌ಗೆ ಮೊದಲ ಎಸೆತ. ರಾಬರ್ಟ್ಸ್ ಓಡಿದರು. ಚೆಂಡೂ ಚೆನ್ನಾಗೇ ಬಂತು. ಕೂದಲೆಳೆಯಲ್ಲಿ ಸೇಫ್!

ಮುಂದೆ ಬಿಲ್ ಮುಲ್ಲರ್ ಒಂದು ಸಿಂಗಲ್ ಹೊಡೆದರು, ರಾಬರ್ಟ್ಸ್ ಓಡಿ ಬಂದು ರನ್ ಮುಗಿಸಿದರು, ಸ್ಕೋರ್ ಸಮ. ಆಟ ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋಯಿತು. ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಡೇವಿಡ್ ಓರ್ಟಿಜ್ ಹೋಮ್ ರನ್, ಪಂದ್ಯ ಬಾಸ್ಟನ್‌ದು. ಇವರೂ ಥಿಯೋ ತಂದವರೇ. ಮಿನ್ನೆಸೋಟಾ ತಂಡ ಬೇಡ ಅಂತ ಬಿಟ್ಟಿದ್ದ ಮಾಲು. ಆ ಪಂದ್ಯದಿಂದ ಹಿಡಿದು ಬಾಸ್ಟನ್ ಸತತ ಎಂಟು ಪಂದ್ಯ ಗೆದ್ದಿತು, ವರ್ಲ್ಡ್ ಸೀರೀಸ್ ಸೇರಿ. 0-3ರಿಂದ ಎದ್ದು ಸರಣಿ ಗೆದ್ದವರು ಮೇಜರ್ ಲೀಗ್‌ನಲ್ಲಿ ಅದಕ್ಕೂ ಮೊದಲು ಯಾರೂ ಇಲ್ಲ. ರಾಬರ್ಟ್ಸ್ ಆ ಪ್ಲೇಆಫ್‌ನಲ್ಲಿ ಒಂದೇ ಒಂದು ಸಲವೂ ಬ್ಯಾಟ್ ಮಾಡಲಿಲ್ಲ!

ಆಫೀಸಲ್ಲಿ ಕೂತವರು ಏನು ಮಾಡ್ತಾರೆ ಅಂತ ಕೇಳಿದಿರಲ್ಲ? ಅಕ್ಟೋಬರ್‌ನಲ್ಲಿ ಓಡಬೇಕಾದ, ಒಂದು ಬೇಸ್‌ನಿಂದ ಮುಂದಿನದಕ್ಕಿರುವ ಆ 90 ಅಡಿಯನ್ನು ಜುಲೈನಲ್ಲೇ ಕೊಂಡಿಟ್ಟುಕೊಂಡಿದ್ದರು.

ಎಡಿಟರ್ ಆಗಲೇ ಗಡಿಯಾರ ತೋರಿಸುತ್ತಿದ್ದಾನೆ. ಓಡೋಣ.

ಗೊರಿಲ್ಲಾ ಕಥೆ: ಕೆಲಸಕ್ಕೆ ತಂದ ಗುರು ಲ್ಯಾರಿ ಲೂಕೀನೊ ಜೊತೆಗೇ ಸಂಬಂಧ ಹಳಸಿತ್ತು, ಅದಕ್ಕೇ ರಾಜೀನಾಮೆ. ಮೂರು ತಿಂಗಳೂ ಆಗಿರಲಿಲ್ಲ, ವಾಪಸ್ ಬಂದರು. 2007ರಲ್ಲಿ ಇನ್ನೊಂದು ಕಪ್. 2011ರ ಸೆಪ್ಟೆಂಬರ್‌ನಲ್ಲಿ ತಂಡ ಕುಸಿದುಬಿತ್ತು, ಥಿಯೋ ಶಿಕಾಗೋ ಕಬ್ಸ್‌ಗೆ ಹೋದರು. ಅಲ್ಲಿ 1908ರಿಂದ ಕಪ್ ಇಲ್ಲ, ಶಾಪ ಒಂದು ಮೇಕೆಯದು. ನಿಜವಾಗ್ಲೂ ಮೇಕೆ! 1945ರಲ್ಲಿ ಒಬ್ಬ ಬಾರ್ ಮಾಲೀಕನ ಮೇಕೆಯನ್ನು ಸ್ಟೇಡಿಯಂ ಒಳಗೆ ಬಿಡಲಿಲ್ಲವಂತೆ. ಥಿಯೋ ತಂಡವನ್ನು ಬುಡದಿಂದ ಕಿತ್ತರು. 2012ರಲ್ಲಿ 101 ಸೋಲು. ಅಭಿಮಾನಿಗಳಿಗೆ ಟಿಕೆಟ್ ಮಾರಿ ಬೇಕಂತಲೇ ಸೋಲುವ ತಂಡ ಇಳಿಸುವುದು ನನಗಂತೂ ಸರಿ ಕಾಣಲ್ಲ. ಆದರೆ 2016ರಲ್ಲಿ ಕಪ್ ಬಂತು, ಏಳನೇ ಪಂದ್ಯದ ಹತ್ತನೇ ಇನ್ನಿಂಗ್ಸ್‌ನಲ್ಲಿ, ನಡುವೆ 17 ನಿಮಿಷ ಮಳೆ. ಮರುವರ್ಷ ಫಾರ್ಚೂನ್ ಪತ್ರಿಕೆ ಜಗತ್ತಿನ ಶ್ರೇಷ್ಠ ನಾಯಕರ ಪಟ್ಟಿಯಲ್ಲಿ ಇವರನ್ನು ಪೋಪ್‌ಗಿಂತ ಮೇಲಿಟ್ಟಿತು. ನಮ್ಮನೆ ನಾಯಿ ಒಳಗೆ ಉಚ್ಚೆ ಹೊಯ್ಯೋದನ್ನೇ ನನ್ನಿಂದ ನಿಲ್ಲಿಸೋಕೆ ಆಗಿಲ್ಲ ಅಂತ ಥಿಯೋ ನಕ್ಕರು.

2020ರಲ್ಲಿ ಕಬ್ಸ್ ಬಿಟ್ಟರು. ಹೋಗುವಾಗ ಒಂದು ಮಾತು ಒಪ್ಪಿಕೊಂಡರು: ಲೆಕ್ಕಾಚಾರದ ಹಿಂದೆ ಬಿದ್ದ ನಮ್ಮಂಥವರು ಗೊತ್ತಿಲ್ಲದೆ ಆಟದ ಅಂದ ಕೆಡಿಸಿದ್ದೇವೆ ಅಂತ. 2021ರಲ್ಲಿ ಮೇಜರ್ ಲೀಗ್‌ಗೆ ಸಲಹೆಗಾರರಾಗಿ ಅದನ್ನೇ ರಿಪೇರಿ ಮಾಡಲು ಕೂತರು. 2023ಕ್ಕೆ ಹೊಸ ನಿಯಮ ಬಂದವು. ಇಷ್ಟೇ ಸೆಕೆಂಡಿನಲ್ಲಿ ಎಸೆಯಬೇಕು ಅಂತ ಪಿಚರ್‌ಗೆ ಗಡಿಯಾರ, ಬೇಸ್ ದೊಡ್ಡದು. ಮೂರು ಗಂಟೆ ದಾಟುತ್ತಿದ್ದ ಪಂದ್ಯ ಸರಾಸರಿ 2 ಗಂಟೆ 40 ನಿಮಿಷದ ಹತ್ತಿರಕ್ಕೆ ಇಳಿಯಿತು. 2024ರಲ್ಲಿ ಥಿಯೋ ಬಾಸ್ಟನ್‌ಗೇ ವಾಪಸ್, ರೆಡ್ ಸಾಕ್ಸ್ ಒಡೆತನದ ಕಂಪನಿಯಲ್ಲಿ ಪಾಲುದಾರರಾಗಿ.

ಹಾಂ, ಆ 'ಮೂರು'! ಹೊಸ ನಿಯಮದ ಪ್ರಕಾರ ಪಿಚರ್ ಒಬ್ಬ ಬ್ಯಾಟರ್ ಇರುವಾಗ ಎರಡೇ ಸಲ ಹಾಗೆ ಬೇಸ್ ಕಡೆ ಎಸೆದು ಹೆದರಿಸಬಹುದು. ಮೂರನೆಯದರಲ್ಲಿ ಔಟ್ ಆಗದಿದ್ದರೆ ಓಟಗಾರನಿಗೆ ಮುಂದಿನ ಬೇಸ್ ಫ್ರೀ. ಅಂದರೆ ಈಗಿನ ನಿಯಮ ಅವತ್ತೇ ಇದ್ದಿದ್ದರೆ ರಾಬರ್ಟ್ಸ್ ಆ ಬೇಸ್ ಕದಿಯಬೇಕಿರಲಿಲ್ಲ. ಅಂಪೈರೇ ಕರೆದು ಕೊಡುತ್ತಿದ್ದರು. ನಡೆದುಕೊಂಡು ಹೋಗಬಹುದಿತ್ತು.

[ದೃಶ್ಯ: ಗೊರಿಲ್ಲಾ ನಿಧಾನಕ್ಕೆ ಎರಡನೇ ಬೇಸ್ ಕಡೆ ನಡೆದು ಹೋಗುತ್ತದೆ.]