ಮುಳ್ಳು 12ಕ್ಕೆ ಬರದೆ ಬ್ರೇಕರ್ ಹಾಕಬೇಡಿ: ನ್ಯೂಯಾರ್ಕ್–ವಾಷಿಂಗ್ಟನ್ ರೈಲು ಇವತ್ತಿಗೂ 25 ಹರ್ಟ್ಸ್‌ನಲ್ಲಿ ಓಡೋದು ಯಾಕೆ?

[ದೃಶ್ಯ: ನ್ಯೂಜೆರ್ಸಿ. ನಾಲ್ಕು ಹಳಿ, ಎರಡೂ ಬದಿ ಎತ್ತರದ ಉಕ್ಕಿನ ಕಂಬಗಳು. ಕೆಳಗೆ ರೈಲಿನ ತಂತಿ, ತುದಿಯಲ್ಲಿ ಹೈ ಟೆನ್ಷನ್ ಲೈನ್.]

ನಮಸ್ಕಾರ. ಎಡಿಸನ್‌ನಿಂದಲೋ ಪ್ರಿನ್ಸ್‌ಟನ್ ಜಂಕ್ಷನ್‌ನಿಂದಲೋ ದಿನಾ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗೋ ಕನ್ನಡಿಗರು ಬೇಕಾದಷ್ಟು ಜನ ಇದ್ದೀರಿ. ನಿಮ್ಮ ಮನೆ ಪ್ಲಗ್ಗಲ್ಲಿ ಬರೋದು 60 ಹರ್ಟ್ಸ್, ಅಂದ್ರೆ ಕರೆಂಟು ಸೆಕೆಂಡಿಗೆ 60 ಸಲ ಹಿಂದೆ–ಮುಂದೆ ಹರಿಯುತ್ತೆ, ಇದಕ್ಕೇ ಫ್ರೀಕ್ವೆನ್ಸಿ ಅನ್ನೋದು. ನೀವು ಹತ್ತೋ ರೈಲಿನ ಮೇಲಿರೋ ತಂತಿಯಲ್ಲಿ 25 ಹರ್ಟ್ಸ್. ಇಡೀ ದೇಶದ ಗ್ರಿಡ್ 60ರಲ್ಲಿ ನಡೀತಿರುವಾಗ ಈ ಒಂದು ದಾರಿಗೆ ಮಾತ್ರ ಬೇರೆ ಕರೆಂಟ್ ಯಾಕೆ, ಅದನ್ನ ಯಾರು ಹುಟ್ಟಿಸ್ತಾರೆ, ಎಂಥ ಮಷೀನು ಹುಟ್ಟಿಸುತ್ತೆ ಅನ್ನೋದು ಇವತ್ತಿನ ವಿಷಯ.

ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ. ನಮ್ಮ ರೈಲ್ವೆಯಲ್ಲಿ ಕೇಳೋ 25 ಅನ್ನೋದು ಕಿಲೋವೋಲ್ಟ್, ಅಲ್ಲಿ ಫ್ರೀಕ್ವೆನ್ಸಿ 50. ಅಮೆರಿಕದ ಈ ಲೈನಲ್ಲಿ ವೋಲ್ಟೇಜು 12 ಕಿಲೋವೋಲ್ಟ್, ಫ್ರೀಕ್ವೆನ್ಸಿ 25. ಎರಡಕ್ಕೂ ಸಂಬಂಧ ಇಲ್ಲ.

[ಪರದೆಯ ಮೇಲೆ: ಫ್ರೀಕ್ವೆನ್ಸಿ = ಆರ್‌ಪಿಎಂ × ಪೋಲ್ ÷ 120]

25 ಎಲ್ಲಿಂದ ಬಂತು? ನಯಾಗರದಿಂದ. 1895ರಲ್ಲಿ ಅಲ್ಲಿನ ಮೊದಲ ದೊಡ್ಡ ಪವರ್‌ಹೌಸ್ ಶುರುವಾಯಿತು. ಜನರೇಟರ್ ಹೇಗಿರಬೇಕು ಅಂತ ತೀರ್ಮಾನ ಆಗೋ ಮೊದಲೇ ನೀರಿನ ಟರ್ಬೈನಿನ ವೇಗ 250 ಆರ್‌ಪಿಎಂ ಅಂತ ಗೊತ್ತಾಗಿಬಿಟ್ಟಿತ್ತು. ಅದೇ ಶಾಫ್ಟಿಗೆ 8 ಪೋಲ್ (ಕಾಂತದ ಧ್ರುವ) ಹಾಕಿದ್ರೆ 16⅔ ಹರ್ಟ್ಸ್, 16 ಪೋಲ್ ಹಾಕಿದ್ರೆ 33⅓. ಎರಡಕ್ಕೂ ವಾದ ಮಾಡೋರು ಇದ್ರು. ಕೊನೆಗೆ ಮಧ್ಯದ 12ಕ್ಕೆ ಒಪ್ಪಂದ ಆಯಿತು. 250 ಇಂಟು 12, ಭಾಗಿಸು 120, ಉತ್ತರ 25. ನೀರು ಬೀಳೋ ಎತ್ತರಕ್ಕೆ ಹೊಂದಿಸಿದ ಟರ್ಬೈನಿನ ವೇಗ ಒಂದು ಖಂಡದ ರೈಲಿನ ಕರೆಂಟನ್ನ ನಿರ್ಧಾರ ಮಾಡ್ತು.

ಕರ್ನಾಟಕಕ್ಕೂ ಅದೇ ಅಂಕಿ ಬಂತು. 1902ರಲ್ಲಿ ಶಿವನಸಮುದ್ರದಲ್ಲಿ ಕೂರಿಸಿದ ಮೊದಲ ಜನರೇಟರುಗಳು 720 ಕಿಲೋವ್ಯಾಟಿನವು, ಒಟ್ಟು 6, ಫ್ರೀಕ್ವೆನ್ಸಿ 25. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ಲೈನು. ಗಣಿಯ ಮೋಟರಿಗೆ 25 ಹರ್ಟ್ಸ್ ಚೆನ್ನಾಗೇ ಹೊಂದುತ್ತೆ, ದೀಪಕ್ಕೆ ಹೊಂದಲ್ಲ, ಬಲ್ಬು ಮಿನುಗೋದು ಕಣ್ಣಿಗೆ ಕಾಣುತ್ತೆ. ಆ ಪವರ್‌ಹೌಸ್ ಇವತ್ತಿಗೂ ಕರೆಂಟ್ ಕೊಡ್ತಿದೆ, ಈಗ 50 ಹರ್ಟ್ಸ್‌ನಲ್ಲಿ. ಅಂದ್ರೆ ನಾವು 25 ಬಿಟ್ಟು ಹೊರಬಂದ್ವಿ, ಅವರ ರೈಲು ಬಿಡಲಿಲ್ಲ.

ರೈಲಿಗೆ ಕಡಿಮೆ ಫ್ರೀಕ್ವೆನ್ಸಿ ಯಾಕೆ ಬೇಕಿತ್ತು ಅಂತ ಬೇಗ ಹೇಳಿ ಮುಗಿಸ್ತೀನಿ. ಆಗಿನ ಎಸಿ ಎಂಜಿನ್ನಲ್ಲಿ ಇದ್ದದ್ದು ಕಮ್ಯುಟೇಟರ್ (ಬ್ರಷ್ಷಿನ ಕೆಳಗೆ ತಿರುಗ್ತಾ ಕಾಯಿಲುಗಳಿಗೆ ಕರೆಂಟು ಕೊಡೋ ತಾಮ್ರದ ಪಟ್ಟಿಗಳ ಉಂಗುರ) ಇರೋ ಸೀರೀಸ್ ಮೋಟರ್. ಬ್ರಷ್ಷಿನ ಕೆಳಗೆ ಒಂದು ಕ್ಷಣ ಶಾರ್ಟ್ ಆಗೋ ಕಾಯಿಲಿನಲ್ಲಿ ಟ್ರಾನ್ಸ್‌ಫಾರ್ಮರಿನ ಹಾಗೆ ವೋಲ್ಟೇಜ್ ಹುಟ್ಟುತ್ತೆ, ಫ್ರೀಕ್ವೆನ್ಸಿ ಏರಿದಷ್ಟೂ ಅದೂ ಏರುತ್ತೆ, ಕಿಡಿ ಹಾರಿ ಕಮ್ಯುಟೇಟರ್ ಸುಟ್ಟುಹೋಗುತ್ತೆ. 25ರಲ್ಲಿ ಸಂಭಾಳಿಸಬಹುದು, 60ರಲ್ಲಿ ಆಗಲ್ಲ. ಹಾಗಾಗಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿ 1915ರಲ್ಲಿ ಫಿಲಡೆಲ್ಫಿಯಾದಿಂದ ಪೇಯೋಲಿಗೆ 25 ಹರ್ಟ್ಸ್ ತಂತಿ ಎಳೀತು, 1935ರಲ್ಲಿ ನ್ಯೂಯಾರ್ಕ್–ವಾಷಿಂಗ್ಟನ್ ಪೂರ್ತಿ ಆಯಿತು, 1938ರಲ್ಲಿ ಹ್ಯಾರಿಸ್‌ಬರ್ಗ್ ಸೇರ್ತು. 1976ರಿಂದ ಈ ಮುಖ್ಯ ಲೈನು ಅಮೆರಿಕದ ಪ್ರಯಾಣಿಕ ರೈಲು ಕಂಪನಿ ಆಮ್‌ಟ್ರಾಕ್ ಕೈಯಲ್ಲಿದೆ.

[ದೃಶ್ಯ: ಸಸ್ಕ್ವೆಹನ್ನಾ ನದಿಯ ಅಣೆಕಟ್ಟು. ನಂತರ ಅನಿಮೇಶನ್: ಒಂದೇ ಶಾಫ್ಟಿನ ಮೇಲೆ ಎರಡು ಮಷೀನು.]

ಈಗ ಮಷೀನಿಗೆ ಬರೋಣ. 25 ಹರ್ಟ್ಸ್ ಎರಡು ದಾರಿಯಲ್ಲಿ ಬರುತ್ತೆ. ಒಂದು, ನೇರವಾಗಿ ನೀರಿನಿಂದ. ಸಸ್ಕ್ವೆಹನ್ನಾ ನದಿಯ ಸೇಫ್ ಹಾರ್ಬರ್ ಅಣೆಕಟ್ಟಲ್ಲಿ ರೈಲಿಗೇ ಮೀಸಲಾದ ಸಿಂಗಲ್ ಫೇಸ್ ಜನರೇಟರುಗಳಿವೆ. ಎರಡು, ಗ್ರಿಡ್ಡಿನ 60 ತಗೊಂಡು 25 ಮಾಡೋ ಫ್ರೀಕ್ವೆನ್ಸಿ ಚೇಂಜರ್. ಇದರಲ್ಲಿ ಟ್ರಾನ್ಸಿಸ್ಟರ್ ಇಲ್ಲ, ಸಾಫ್ಟ್‌ವೇರ್ ಇಲ್ಲ. ಒಂದು ದೊಡ್ಡ ಸಿಂಕ್ರೊನಸ್ ಮೋಟರ್ (ಗ್ರಿಡ್ಡಿನ ಫ್ರೀಕ್ವೆನ್ಸಿಗೆ ಬಿಗಿಯಾಗಿ ತಿರುಗೋದು), ಅದರ ಶಾಫ್ಟಿಗೇ ಬೋಲ್ಟ್ ಮಾಡಿದ ಒಂದು ದೊಡ್ಡ ಜನರೇಟರ್. ಚೆಸ್ಟರ್ ಊರಿನ ಲಮೋಕಿನ್‌ನಲ್ಲಿ ಇರೋ ಸೆಟ್ಟುಗಳು 1920ರ ದಶಕದವು.

60:25 ಅಂದ್ರೆ 12:5. ಪೋಲುಗಳು ಯಾವಾಗಲೂ ಉತ್ತರ–ದಕ್ಷಿಣ ಜೋಡಿಯಲ್ಲಿ ಬರಬೇಕು, 5 ಪೋಲಿನ ಮಷೀನು ಮಾಡೋಕಾಗಲ್ಲ. ಹಾಗಾಗಿ ಅತಿ ಚಿಕ್ಕ ಲೆಕ್ಕ ಅಂದ್ರೆ ಮೋಟರಿಗೆ 24 ಪೋಲ್, ಜನರೇಟರಿಗೆ 10. ಸೂತ್ರಕ್ಕೆ ಹಾಕಿ ನೋಡಿ, ವೇಗ 300 ಆರ್‌ಪಿಎಂ. ಇದಕ್ಕಿಂತ ಜೋರಾಗಿ ತಿರುಗೋ ನಿಖರವಾದ ಸೆಟ್ ಸಾಧ್ಯವೇ ಇಲ್ಲ. ನಿಧಾನಕ್ಕೆ ತಿರುಗುತ್ತೆ ಅಂದ್ರೆ ಅಷ್ಟೇ ಪವರಿಗೆ ಮೈ ದಪ್ಪ ಆಗಬೇಕು. ಈ ಮಷೀನುಗಳ ಗಾತ್ರ ನೋಡಿ ಹಳೇ ಕಾಲದ ದಡ್ಡತನ ಅಂದ್ಕೋಬೇಡಿ, ಅದು 12:5ರ ಲೆಕ್ಕ.

[ದೃಶ್ಯ: ಸಿಂಕ್ರೊಸ್ಕೋಪ್ ಮುಖ, ಪೂರ್ತಿ ಪರದೆ.]

ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇಲ್ಲಿದೆ. ಇದಕ್ಕೆ ಸ್ವಲ್ಪ ಟೈಮ್ ಕೊಡೋಣ.

ಸಾಮಾನ್ಯ ಜನರೇಟರನ್ನ ಬಸ್‌ಗೆ, ಅಂದ್ರೆ ಎಲ್ಲ ಜನರೇಟರುಗಳೂ ಕೂಡೋ ಲೈನಿಗೆ, ಸೇರಿಸುವಾಗ ಎರಡರ ಅಲೆ ಎಷ್ಟು ಹಿಂದೆ–ಮುಂದೆ ಇದೆ ಅಂತ ತೋರಿಸೋ ಸಿಂಕ್ರೊಸ್ಕೋಪಿನ ಮುಳ್ಳು ನಿಧಾನಕ್ಕೆ ತಿರುಗ್ತಿರುತ್ತೆ. 12ರ ಹತ್ತಿರ ಬಂದಾಗ ಬ್ರೇಕರ್ (ಎರಡನ್ನೂ ಜೋಡಿಸೋ ದೊಡ್ಡ ಸ್ವಿಚ್) ಹಾಕ್ತೀರಿ. ಫ್ರೀಕ್ವೆನ್ಸಿ ಚೇಂಜರಿನಲ್ಲಿ ಮುಳ್ಳು ತಿರುಗೋದೇ ಇಲ್ಲ! ಯಾಕಂದ್ರೆ ಹೊಸ ಸೆಟ್ಟಿನ ಮೋಟರ್ ಈಗಾಗಲೇ 60 ಹರ್ಟ್ಸ್ ಗ್ರಿಡ್ಡಿಗೆ ಬಿಗಿಯಾಗಿದೆ, ಓಡ್ತಿರೋ ಸೆಟ್ಟೂ ಅದೇ ಗ್ರಿಡ್ಡಿಗೆ ಬಿಗಿಯಾಗಿದೆ. ಎರಡರ 25 ಹರ್ಟ್ಸ್‌ನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮುಳ್ಳು ಎಲ್ಲೋ ಒಂದು ಕಡೆ ಸುಮ್ಮನೆ ನಿಂತುಬಿಡುತ್ತೆ.

ಎಲ್ಲಿ ನಿಲ್ಲುತ್ತೆ? ಮೋಟರಲ್ಲಿ 12 ಜೋಡಿ ಪೋಲ್. ಸ್ಟಾರ್ಟ್ ಆಗಿ 300ರ ಹತ್ತಿರ ಬಂದು ಫೀಲ್ಡ್ (ಪೋಲುಗಳನ್ನ ಕಾಂತ ಮಾಡೋ ಡಿಸಿ ಕರೆಂಟು) ಕೊಟ್ಟಾಗ, ತಿರುಗೋ ಭಾಗ ಅಂದ್ರೆ ರೋಟರ್ ಆ 12ರಲ್ಲಿ ಯಾವ ಜಾಗಕ್ಕೆ ಬೇಕಾದರೂ ಕಚ್ಚಿಕೊಳ್ಳಬಹುದು. ಮೋಟರಿಗೆ 12 ಜಾಗವೂ ಒಂದೇ. ಜನರೇಟರಿಗೆ ಹಾಗಲ್ಲ. ಒಂದು ಜೋಡಿ ಜಾರಿದ್ರೆ ಶಾಫ್ಟ್ 30 ಡಿಗ್ರಿ ಹಿಂದೆ ಬೀಳುತ್ತೆ, ಜನರೇಟರಲ್ಲಿ 5 ಜೋಡಿ ಇರೋದ್ರಿಂದ ಅದರ ವೋಲ್ಟೇಜು 150 ಡಿಗ್ರಿ ಹಿಂದೆ ಬೀಳುತ್ತೆ. ಎಲ್ಲ ಸಾಧ್ಯತೆಗಳನ್ನ ಲೆಕ್ಕ ಹಾಕಿದ್ರೆ ಸರಿಯಾಗಿ 12 ನಿಲ್ದಾಣಗಳು, 30 ಡಿಗ್ರಿಗೆ ಒಂದು. ಗೋಡೆ ಗಡಿಯಾರದ 12 ಅಂಕಿಗಳಂತೆ. ಬ್ರೇಕರ್ ಹಾಕೋಕೆ ಅದರಲ್ಲಿ ಒಂದೇ ಸರಿ. ಉಳಿದ 11ರಲ್ಲಿ ಯಾವುದರಲ್ಲಿ ಹಾಕಿದ್ರೂ ಶಾರ್ಟ್ ಸರ್ಕ್ಯೂಟಿನಂಥ ಕರೆಂಟು, ಕಪ್ಲಿಂಗ್ ಬೋಲ್ಟ್ ಕತ್ತರಿಸಿಹೋಗಬಹುದು, ಸ್ಟೇಟರ್ (ತಿರುಗದ ಭಾಗ) ವೈಂಡಿಂಗಿನ ತುದಿಗಳು ಬಾಗಿಹೋಗಬಹುದು.

ಹಾಗಾದ್ರೆ ಆಪರೇಟರ್ ಏನು ಮಾಡಬೇಕು? ಬೇಕಂತಲೇ ಮೋಟರನ್ನ ಜಾರಿಸಬೇಕು. ಜನರೇಟರ್ ಬ್ರೇಕರ್ ತೆರೆದೇ ಇರುತ್ತೆ, ಲೋಡ್ ಇಲ್ಲ. ಮೋಟರ್ ಫೀಲ್ಡಿನ ಪ್ಲಸ್–ಮೈನಸ್ ಅದಲು ಬದಲು ಮಾಡಿದ್ರೆ ರೋಟರ್ ಒಂದು ಪೋಲ್ ಹಿಂದೆ ಜಾರಿ ಮತ್ತೆ ಕಚ್ಚಿಕೊಳ್ಳುತ್ತೆ. ಇನ್ನೊಮ್ಮೆ ಬದಲಿಸಿದ್ರೆ ಮತ್ತೊಂದು ಪೋಲ್. ಎರಡು ಸೇರಿ ಒಂದು ಜೋಡಿ, ಇದನ್ನ ಒಂದು ಜಾರಿಕೆ ಅನ್ನೋಣ, ಅಂದ್ರೆ ಮುಳ್ಳು 5 ಗಂಟೆಯಷ್ಟು ಹಿಂದಕ್ಕೆ. ಮುಳ್ಳು 5ರಲ್ಲಿ ನಿಂತಿದ್ರೆ ಒಂದೇ ಜಾರಿಕೆ, 12ಕ್ಕೆ ಬಂತು. 10ರಲ್ಲಿದ್ರೆ ಎರಡು: 10, 5, 12. 3ರಲ್ಲಿದ್ರೆ ಮೂರು: 3, 10, 5, 12.

6ರಲ್ಲಿ ನಿಂತ್ರೆ? ಲೆಕ್ಕದ ಪ್ರಕಾರ ಆರು ಸಲ ಜಾರಿಸಬೇಕು. ಬೇಡ. ಜನರೇಟರಿನ ಫೀಲ್ಡನ್ನೇ ಉಲ್ಟಾ ಮಾಡಿ, ಮುಳ್ಳು ನೇರ ಎದುರಿಗೆ, 12ಕ್ಕೆ ಹಾರುತ್ತೆ. 11ರಲ್ಲಿದ್ರೆ ಜನರೇಟರ್ ಫೀಲ್ಡ್ ಉಲ್ಟಾ, 5 ಆಯಿತು, ಒಂದು ಜಾರಿಕೆ, 12. ಈ ಎರಡು ಉಪಾಯ ಕೈಯಲ್ಲಿದ್ರೆ ಎಂಥ ಜಾಗದಿಂದಲೂ ಐದು ಜಾರಿಕೆಯೊಳಗೆ ಮುಗಿಯುತ್ತೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನ ಲೆಕ್ಕ ಮಾಡಿ ಸ್ವಿಚ್‌ಬೋರ್ಡಿಗೆ ಇಳಿಸಿದವರ ಬುದ್ಧಿಗೆ ಕೈ ಮುಗೀಬೇಕು.

ಒಂದು ಎಚ್ಚರಿಕೆ. ಫೀಲ್ಡ್ ಸರ್ಕ್ಯೂಟನ್ನ ಹಾಗೇ ತೆರೆಯಬಾರದು. ಅಷ್ಟು ದೊಡ್ಡ ಕಾಯಿಲಿನ ಕರೆಂಟು ಥಟ್ಟನೆ ಕಡಿದ್ರೆ ವೋಲ್ಟೇಜು ಚಿಮ್ಮಿ ಇನ್ಸುಲೇಶನ್ ತೂತಾಗುತ್ತೆ. ಮೊದಲು ಡಿಸ್ಚಾರ್ಜ್ ರೆಸಿಸ್ಟರ್ ಸೇರಬೇಕು, ಆಮೇಲೆ ಕಾಂಟ್ಯಾಕ್ಟ್ ತೆರೀಬೇಕು. ಫೀಲ್ಡ್ ಬ್ರೇಕರಿನಲ್ಲಿ ಇದಕ್ಕೇ ಅಂತ ಒಂದು ಹೆಚ್ಚಿನ ಕಾಂಟ್ಯಾಕ್ಟ್ ಇರುತ್ತೆ. ಅದು ಸವೆದು ತಡವಾಗಿ ಕೂತರೆ ಅವತ್ತೇ ತೊಂದರೆ.

[ದೃಶ್ಯ: ಸ್ಲಿಪ್ ರಿಂಗ್, ಬ್ರಷ್ ಹೋಲ್ಡರ್, ಬೇರಿಂಗ್ ಪೆಡೆಸ್ಟಲ್ ಹತ್ತಿರದಿಂದ.]

ಇಂಥ ಹಳೇ ಮಷೀನಲ್ಲಿ ಕೆಡೋದು ಏನೇನು? ವಿಡಿಯೋ ಉದ್ದ ಆಗ್ತಿದೆ, ಮುಖ್ಯವಾದದ್ದು ಹೇಳ್ತೀನಿ.

ರೋಟರಿನ ಫೀಲ್ಡಿಗೆ ಕರೆಂಟು ತಲುಪಿಸೋ ಸ್ಲಿಪ್ ರಿಂಗ್ ಎರಡೂ ಒಂದೇ ಸಮ ಸವೆಯಲ್ಲ. ಡಿಸಿ ಹರಿಯೋದ್ರಿಂದ ಸಾಮಾನ್ಯವಾಗಿ ನೆಗೆಟಿವ್ ರಿಂಗ್ ಬೇಗ ಗುಳಿ ಬೀಳುತ್ತೆ. ಕಾಲಕಾಲಕ್ಕೆ ಕೇಬಲ್ ಅದಲು ಬದಲು ಮಾಡಿದ್ರೆ ಎರಡೂ ಸಮನಾಗಿ ಬಾಳುತ್ತೆ. ಆದ್ರೆ ಈಗಷ್ಟೇ ನೋಡಿದ್ರಲ್ಲ, ಪೊಲಾರಿಟಿ ಬದಲಾದ್ರೆ ಮುಳ್ಳು ನಿಲ್ಲೋ ಜಾಗವೂ ಬದಲಾಗುತ್ತೆ. ಲಾಗ್ ಪುಸ್ತಕದಲ್ಲಿ ಬರೀದೆ ಬದಲಿಸಬೇಡಿ.

ಬೇರಿಂಗ್ ವೈಟ್ ಮೆಟಲ್ಲಿನದು. ಶಾಫ್ಟಲ್ಲಿ ಹುಟ್ಟೋ ಅಡ್ಡ ಕರೆಂಟು ಬೇರಿಂಗ್ ಮೂಲಕ ಹರಿಯದಿರಲಿ ಅಂತ ಪೆಡೆಸ್ಟಲ್ ಕೆಳಗೆ ಇನ್ಸುಲೇಶನ್ ಹಾಳೆ, ಬೋಲ್ಟಿಗೆ ಇನ್ಸುಲೇಶನ್ ಬುಷ್ ಇರುತ್ತೆ. ಯಾರೋ ರಿಪೇರಿ ಮಾಡುವಾಗ ರಬ್ಬರ್ ತುಂಡು ತೆಗೆದು ಎಣ್ಣೆಯ ಪೈಪನ್ನ ಪೂರ್ತಿ ಲೋಹದ್ದು ಹಾಕಿದ್ರು ಅಂದ್ಕೊಳ್ಳಿ, ಇನ್ಸುಲೇಶನ್ ಇದ್ದೂ ಇಲ್ಲದಂತೆ. ಕೆಲವೇ ತಿಂಗಳಲ್ಲಿ ವೈಟ್ ಮೆಟಲ್ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು, ಎಣ್ಣೆ ಕಪ್ಪು. ಥರ್ಮಾಮೀಟರಿನ ಲೋಹದ ಕೊಳವೆಯೂ ಇದೇ ಕೆಲಸ ಮಾಡುತ್ತೆ, ಅದನ್ನೂ ನೋಡಿ.

ವೈಂಡಿಂಗ್. ನಿಂತಿದ್ದ ಮಷೀನನ್ನ ಮೆಗ್ಗರ್ (ಇನ್ಸುಲೇಶನ್ ಅಳೆಯೋ ಮೀಟರ್) ಹಾಕದೆ ಶುರು ಮಾಡೋ ಹಾಗಿಲ್ಲ. 1970ಕ್ಕೆ ಮುಂಚಿನ ವೈಂಡಿಂಗಿಗೆ ಕನಿಷ್ಠ ಲೆಕ್ಕ: ಎಷ್ಟು ಕಿಲೋವೋಲ್ಟಿನ ಮಷೀನೋ ಅದಕ್ಕೆ ಒಂದು ಸೇರಿಸಿ, ಅಷ್ಟು ಮೆಗಾಓಮ್, 40 ಡಿಗ್ರಿಗೆ ತಿದ್ದಿದ್ದು. 11 ಕೆವಿ ಆದ್ರೆ 12 ಮೆಗಾಓಮ್. ಜೊತೆಗೆ 10ನೇ ನಿಮಿಷದ ರೀಡಿಂಗನ್ನ 1ನೇ ನಿಮಿಷದ ರೀಡಿಂಗಿಂದ ಭಾಗಿಸಿ. ಹಳೇ ಕ್ಲಾಸ್ ಎ ಇನ್ಸುಲೇಶನ್ನಿಗೆ 1.5, ಮೈಕಾ ಇರೋ ಕ್ಲಾಸ್ ಬಿಗೆ 2 ಬರಬೇಕು. ಬರದಿದ್ರೆ ಒಳಗೆ ತೇವ ಇದೆ ಇಲ್ಲವೇ ಕಾರ್ಬನ್ ಪುಡಿ ಕೂತಿದೆ.

ಕೊನೇದು ನಡುಕ. ಸಿಂಗಲ್ ಫೇಸ್ ಜನರೇಟರಿನ ತಿರುಚುಬಲ ಸೆಕೆಂಡಿಗೆ 50 ಸಲ ಏರಿಳಿಯುತ್ತೆ. ದೊಡ್ಡ ಮಷೀನುಗಳಲ್ಲಿ ಇದಕ್ಕಾಗಿ ಸ್ಟೇಟರನ್ನ ಸ್ಪ್ರಿಂಗ್ ಮೇಲೆ ಕೂರಿಸಿರ್ತಾರೆ, ರೋಟರಿಗೆ ದಪ್ಪ ತಾಮ್ರದ ಡ್ಯಾಂಪರ್ ಬಾರ್ ಹಾಕಿರ್ತಾರೆ. ಬಾರ್ ತುದಿಯ ಬೆಸುಗೆ ಬಿರುಕು ಬಿಟ್ರೆ ಆ ಜಾಗ ಬಿಸಿಯಾಗಿ ನೀಲಿಗಟ್ಟುತ್ತೆ. ಟಾರ್ಚ್ ಹಿಡಿದು ಹುಡುಕಬೇಕಾದ್ದು ಆ ಬಣ್ಣವನ್ನ.

ಇಷ್ಟೆಲ್ಲ ಕಷ್ಟ ಯಾಕೆ, 60ಕ್ಕೆ ಬದಲಿಸಬಾರದಾ? ಮೂರು ಮಾತಲ್ಲಿ ಹೇಳ್ತೀನಿ. ಲೈನಿನ ಎಲ್ಲ ಸಬ್‌ಸ್ಟೇಷನ್ ಬದಲಾಗಬೇಕು. ಸಿಗ್ನಲ್‌ಗಳಿಗೆ 91⅔ ಹರ್ಟ್ಸಿನ ಬೇರೆಯೇ ಸಪ್ಲೈ ಇದೆ, 25 ಮತ್ತು 60 ಎರಡಕ್ಕೂ ಸಿಕ್ಕಿಹಾಕಿಕೊಳ್ಳದ ಅಂಕಿ, ಅದನ್ನೂ ಮುಟ್ಟಬೇಕಾಗುತ್ತೆ. ಮತ್ತೆ ಇದೆಲ್ಲ ಅಮೆರಿಕದ ಅತಿ ಗಿಜಿಗುಡೋ ಹಳಿಯ ಮೇಲೆ, ರೈಲು ನಿಲ್ಲಿಸದೆ. ಹಾಗಾಗಿ ನ್ಯೂಹೇವನ್‌ನಿಂದ ಬೋಸ್ಟನ್‌ಗೆ 2000ದಲ್ಲಿ ಹೊಸದಾಗಿ ಎಳೆದಾಗ 25 ಕೆವಿ, 60 ಹರ್ಟ್ಸ್ ಹಾಕಿದ್ರು, ದಕ್ಷಿಣದ ಹಳೇದನ್ನ ಹಾಗೇ ಬಿಟ್ರು. ಬೋಸ್ಟನ್‌ನಿಂದ ವಾಷಿಂಗ್ಟನ್‌ಗೆ ಓಡೋ ಅಸೆಲಾ ರೈಲು ದಾರಿಯಲ್ಲಿ ಮೂರು ಥರದ ಕರೆಂಟು ನುಂಗಬೇಕು. 25ಕ್ಕೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣ 60ಕ್ಕಿಂತ ಸುಮಾರು 2.4 ಪಟ್ಟು ಬೇಕು, ಆ ಭಾರವನ್ನ ಬೋಸ್ಟನ್‌ವರೆಗೂ ಹೊತ್ತುಕೊಂಡು ಹೋಗುತ್ತೆ.

ತಿರುಗೋ ಭಾಗವೇ ಇಲ್ಲದೆ ಎಲೆಕ್ಟ್ರಾನಿಕ್ಸ್‌ನಿಂದ 60ನ್ನ 25 ಮಾಡೋ ಹೊಸ ಸ್ಟ್ಯಾಟಿಕ್ ಕನ್ವರ್ಟರುಗಳೂ ಬಂದಿವೆ, ಫಿಲಡೆಲ್ಫಿಯಾದ ರಿಚ್‌ಮಂಡ್, ಜೆರಿಕೋ ಪಾರ್ಕ್, ಸನ್ನಿಸೈಡ್‌ನಲ್ಲಿ. ಈಗ ಹೆಚ್ಚಿನ ಹೊರೆ ಅವೇ ಹೊರ್ತಿವೆ. ದಕ್ಷತೆಯಲ್ಲಿ ಅವು ಮುಂದೆ, ಒಪ್ಪಲೇಬೇಕು. ಆದ್ರೆ ಲೋಡ್ ಮಿತಿ ದಾಟಿದ ಕೂಡಲೇ ಅವು ತಮ್ಮನ್ನ ತಾವು ಉಳಿಸ್ಕೊಳ್ಳೋಕೆ ಕೈಬಿಡ್ತವೆ. ತಿರುಗೋ ಸೆಟ್ ಭಾರೀ ಓವರ್‌ಲೋಡನ್ನ ಸ್ವಲ್ಪ ಹೊತ್ತು ತಡ್ಕೊಳ್ಳುತ್ತೆ, ರೋಟರಿನ ತೂಕವೇ ಆಧಾರ. 2006ರ ಮೇ 25ರ ಬೆಳಗ್ಗೆ ಆಫೀಸಿಗೆ ಹೋಗೋ ಹೊತ್ತಲ್ಲಿ ಒಂದಾದ ಮೇಲೊಂದು ಕನ್ವರ್ಟರ್ ಟ್ರಿಪ್ ಆಗಿ ಇಡೀ ಲೈನ್ ಸತ್ತಿತ್ತು, ಸುರಂಗದೊಳಗೂ ರೈಲು ನಿಂತಿತ್ತು. ಎರಡೂ ಥರದ ಮಷೀನು ಒಟ್ಟಿಗೆ ಇರೋದೇ ಒಳ್ಳೇದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

[ಪರದೆಯ ಮೇಲೆ: ಹಳೇ ಹಿತ್ತಾಳೆ ನೇಮ್‌ಪ್ಲೇಟ್.]

ನಿಮ್ಮ ಊರಿನ ಮಿಲ್ಲಲ್ಲೋ ಪಂಪ್‌ಹೌಸಲ್ಲೋ ಇಂಥ ಹಳೇ ಮಷೀನು ಇನ್ನೂ ತಿರುಗ್ತಿದ್ರೆ, ನೇಮ್‌ಪ್ಲೇಟಿನ ಫೋಟೋ ಕಾಮೆಂಟಿನಲ್ಲಿ ಹಾಕಿ. ವೋಲ್ಟ್, ಆರ್‌ಪಿಎಂ, ಸೈಕಲ್ಸ್, ತಯಾರಾದ ವರ್ಷ, ಇವು ಓದೋ ಹಾಗಿರಲಿ. ಹಿತ್ತಾಳೆಯನ್ನ ಉಜ್ಜಬೇಡಿ, ಅಕ್ಷರ ಅಳಿಸಿಹೋಗುತ್ತೆ. ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚನ್ನ ಪಕ್ಕದಿಂದ ಹಿಡಿದು ಫೋಟೋ ತೆಗೀರಿ. ಮಷೀನು ನಿಂತಿರುವಾಗ ಮಾತ್ರ.